ಮರದ ಗಾಡಿ, ಮಗುವಿನ ಕೈ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನಡೆದ ಹೆತ್ತವರ ಹಾಗೂ ಮಕ್ಕಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಇತಿಹಾಸವನ್ನು ಹಿರಿಯರು ಈಗಾಗಲೇ ನಿಮ್ಮ ಮುಂದಿಟ್ಟಿದ್ದಾರೆ. ಅಡಿಗಲ್ಲು ಹಾಕಿದವರನ್ನೂ, ಗಂಟೆ ಕಟ್ಟಿದವರನ್ನೂ, ಬರಗಾಲದಲ್ಲಿಯೂ ತಮ್ಮ ಪಾಲಿನ ಕಾಣಿಕೆಯನ್ನು ತಪ್ಪಿಸದ ಬಡ ರೈತರನ್ನೂ ಸ್ಮರಿಸಿಯಾಯಿತು. ನಮ್ಮ ಪಾಲಿಗೆ ಉಳಿದಿರುವುದು ಮಕ್ಕಳ ವಿಷಯ. ಮಕ್ಕಳ ದೃಷ್ಟಿಯಾದರೋ ನಮ್ಮ ಮೇಲಿಲ್ಲ. ಹೊರಗೆ ಅಂಗಳದಲ್ಲಿ ಪೀಪಾಯಿಗೆ ಒರಗಿಸಿ ನಿಲ್ಲಿಸಿರುವ ಆ ಉದ್ದನೆಯ ಹಲಗೆಯ ಮೇಲಿದೆ. ಆದುದರಿಂದ ನಾವೂ ಆ ಹಲಗೆಯನ್ನೇ ಇಂದಿನ ಮಾತಿಗೆ ವಸ್ತುವನ್ನಾಗಿ ಮಾಡಿಕೊಳ್ಳುತ್ತೇವೆ.

ಇಲ್ಲಿ ಕುಳಿತಿರುವ ತಂದೆಯರಲ್ಲಿ ಬೇರಿಂಗ್ ಗಾಡಿಯನ್ನು ಕಾಣದವರು ವಿರಳ. ಒಂದು ಹಲಗೆ, ಹಿಂದೆ ಎರಡು, ಮುಂದೆ ಒಂದು ಹಳೆಯ ಬೇರಿಂಗು. ಮುಂದಿನ ಅಡ್ಡಪಟ್ಟಿಯನ್ನು ಕಾಲಿನಿಂದಲೋ ಹಗ್ಗದಿಂದಲೋ ತಿರುಗಿಸಿದರೆ ಗಾಡಿ ತಿರುಗುತ್ತದೆ. ಎತ್ತಿಲ್ಲ, ಎಂಜಿನ್ನಿಲ್ಲ, ಇಳಿಜಾರೇ ಅದರ ಶಕ್ತಿ. ಗ್ಯಾರೇಜಿನ ಮೇಸ್ತ್ರಿಯನ್ನು ಕಾಡಿ ಬೇಡಿ ಸವೆದ ಬೇರಿಂಗು ಸಂಪಾದಿಸುವುದರಲ್ಲಿಯೇ ಅರ್ಧ ಸಾಹಸ ಮುಗಿಯುತ್ತಿತ್ತು. ಅದಕ್ಕೂ ಹಿಂದಿನ ತಲೆಮಾರಿನವರು ಜೋಳದ ದಂಟಿನಿಂದ ಗಾಡಿ ಕಟ್ಟಿದರು. ತಾಟಿನಿಂಗಿನ ಬುರುಡೆಯನ್ನು ಚಕ್ರವಾಗಿಸಿ ಉರುಳಿಸಿದರು. ಗಾಡಿ ಮಾಡುವ ಆಸೆ ಮಕ್ಕಳಿಗೆ ಯಾರೂ ಕಲಿಸಿಕೊಟ್ಟದ್ದಲ್ಲ.

1994ರಲ್ಲಿ ನಾವು ಗುಂಡ್ಲುಪೇಟೆಯ ಭಾಗದಲ್ಲಿ ಕಿರಿಯ ಗುರುವಾಗಿ ಸೇವೆಯಲ್ಲಿದ್ದೆವು. ಚಾಮರಾಜನಗರ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1997ರಲ್ಲಿ ಜಿಲ್ಲೆಯಾಗುವ ತನಕ ಈ ಸೀಮೆಯೆಲ್ಲವೂ ಮೈಸೂರು ಜಿಲ್ಲೆಗೇ ಸೇರಿತ್ತು. ಗುಂಡ್ಲುಪೇಟೆಯೆಂದರೆ ಊಟಿಯ ದಾರಿಯೂ ವಯನಾಡಿನ ದಾರಿಯೂ ಅಗಲುವ ಊರು. ಹಗಲಿರುಳೆನ್ನದೆ ಲಾರಿಗಳ ಓಡಾಟ. ಆ ರಸ್ತೆಯ ಇಳಿಜಾರಿನಲ್ಲಿಯೇ ಹುಡುಗರು ಬೇರಿಂಗ್ ಗಾಡಿಯನ್ನು ಗರ್ರೆಂದು ಬಿಡುತ್ತಿದ್ದರು. ಒಂದು ಸಂಜೆ ನಮ್ಮ ಜ್ಞಾನೋಪದೇಶದ ತರಗತಿಯ ಹುಡುಗನೊಬ್ಬ ಲಾರಿಯ ಮುಂದಿನ ಚಕ್ರದಿಂದ ಎರಡು ಮೊಳ ದೂರದಲ್ಲಿ ನಿಂತ. ಚಾಲಕ ಇಳಿದು ಬಂದು ಬೈಯಲಿಲ್ಲ, ಹೊಡೆಯಲಿಲ್ಲ. ರಸ್ತೆಯ ಬದಿಯಲ್ಲಿ ಕುಳಿತು ಬೆವರು ಒರೆಸಿಕೊಂಡ. ಮರುದಿನದಿಂದ ರಸ್ತೆಯಲ್ಲಿ ಗಾಡಿ ಬಿಡಕೂಡದೆಂದು ನಾವು ಆಜ್ಞೆ ಮಾಡಿದೆವು. ಆದರೆ ಬರಿಯ ನಿಷೇಧದಿಂದ ಮಕ್ಕಳ ಆಸೆ ಅಡಗುವುದುಂಟೇ? ಅದಕ್ಕೊಂದು ಬದಲಿ ದಾರಿಯನ್ನು ತೋರಿಸಬೇಕಾಯಿತು.

ಗುರುಮಠದಲ್ಲಿ ನಮ್ಮೊಡನೆ ಓದಿ ಅಮೆರಿಕದಲ್ಲಿ ಸೇವೆಯಲ್ಲಿದ್ದ ಮಿತ್ರರೊಬ್ಬರು ಅಲ್ಲಿನ ಸ್ಕೌಟ್ ಬಾಲಕರ ಆಟವೊಂದನ್ನು ಕುರಿತು ನಮಗೆ ಬರೆದಿದ್ದರು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬ ಸ್ಕೌಟ್ ಮುಖ್ಯಸ್ಥರು ಅದನ್ನು ಆರಂಭಿಸಿದರು. ಮಕ್ಕಳು ತಾವೇ ಕುಳಿತು ಇಳಿಜಾರಿನಲ್ಲಿ ಓಡಿಸುವ ಪೆಟ್ಟಿಗೆ ಗಾಡಿಗಳ ಪಂದ್ಯ ಆ ದೇಶದಲ್ಲಿ 1930ರ ದಶಕದಿಂದಲೂ ಪ್ರಸಿದ್ಧವಾಗಿತ್ತು. ಮರ್ಫಿಯವರ ಮಗನಿಗೆ ಆಗ ಹತ್ತೇ ವರ್ಷ; ಆ ಪಂದ್ಯಕ್ಕೆ ವಯಸ್ಸು ಸಾಲದು. ಮಗನ ನಿರಾಶೆಯನ್ನು ಕಂಡ ತಂದೆ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರದ ಗಾಡಿಯನ್ನು ತಂದೆ-ಮಕ್ಕಳು ಕೂಡಿ ಮಾಡಿ ಹಲಗೆಯ ಮೇಲಿಂದ ಜಾರಿಬಿಡುವ ಆಟವನ್ನು ಯೋಚಿಸಿದರು. ಗಾಡಿಯ ತೂಕ ಐದು ಔನ್ಸು, ಅಂದರೆ ಸುಮಾರು 142 ಗ್ರಾಂ ಮೀರಬಾರದೆಂಬುದು ಅಲ್ಲಿನ ಕಟ್ಟಳೆ. ನಾವು ನಮ್ಮ ಅಂಗಡಿಯ ತಕ್ಕಡಿಗೆ ಅನುಕೂಲವಾಗಲೆಂದು 150 ಗ್ರಾಂ ಎಂದು ಗೊತ್ತುಮಾಡಿದೆವು. ಊರಿನ ಆಚಾರಿಯೊಬ್ಬರು, ಅವರು ನಮ್ಮ ಧರ್ಮದವರಲ್ಲ, ಹಾಲೆ ಮರದ ತುಂಡುಗಳನ್ನು ಒಂದೇ ಅಳತೆಗೆ ಕೊಯ್ದು, ಚಕ್ರಗಳನ್ನೂ ಕಡೆದು, ಕೂಲಿ ಪಡೆಯದೆ ಕೊಟ್ಟರು. ಚನ್ನಪಟ್ಟಣದ ಬೊಂಬೆಗಳೂ ಈ ಹಾಲೆ ಮರದವೇ. ಬೆಳ್ಳಗೆ, ಹಗುರ, ನಯವಾದ ಮರ. ಮಗುವಿನ ಕೈಗೂ ಬಗ್ಗುತ್ತದೆ.

ಈ ಗಾಡಿಯ ಗುಟ್ಟುಗಳನ್ನು ಸ್ವಲ್ಪ ವಿವರಿಸಬೇಕಾಗಿದೆ. ಏಕೆಂದರೆ ಅದರೊಳಗೆ ಒಂದು ಶಾಸ್ತ್ರವೇ ಇದೆ.

ಮೊದಲನೆಯದು, ಎತ್ತರ. ಹಲಗೆಯ ತಲೆ ನಾಲ್ಕು ಅಡಿ ಎತ್ತರದಲ್ಲಿದ್ದರೆ, ಗಾಡಿಗೆ ದೊರೆಯುವ ಬಂಡವಾಳ ಆ ನಾಲ್ಕು ಅಡಿ ಮಾತ್ರ. ಗಾಳಿಯ ತಡೆಯೂ ಅಚ್ಚಿನ ಉಜ್ಜಾಟವೂ ಇಲ್ಲವೆಂದು ಭಾವಿಸಿ, ಚಕ್ರ ತಿರುಗಲು ತಗಲುವ ಶಕ್ತಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಕೆಳಗೆ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.9 ಮೀಟರು. ಇದಕ್ಕಿಂತ ಹೆಚ್ಚನ್ನು ಯಾವ ಜಾಣನೂ ಗಳಿಸಲಾರ. ದೊರೆತದ್ದನ್ನು ಹಾದಿಯಲ್ಲಿ ಎಷ್ಟು ಕಡಿಮೆ ಪೋಲು ಮಾಡುತ್ತೇವೆಂಬುದರಲ್ಲಿಯೇ ಗೆಲುವು-ಸೋಲು ಅಡಗಿದೆ.

ಎರಡನೆಯದು, ಅಚ್ಚು. ಮೊಳೆಯೇ ಇಲ್ಲಿ ಅಚ್ಚು. ಮೊಳೆಯ ತಲೆಯ ಕೆಳಗೆ ಕಣ್ಣಿಗೆ ಕಾಣದ ಮುಳ್ಳುಗಳಿರುತ್ತವೆ. ಅವು ಚಕ್ರವನ್ನು ಕೊರೆಯುತ್ತವೆ. ಅರದಿಂದ ಉಜ್ಜಿ, ಉಪ್ಪುಕಾಗದದಿಂದ ಮಿನುಗುವವರೆಗೆ ತಿಕ್ಕಬೇಕು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿದಂತೆ ಇದಕ್ಕೂ ಎಣ್ಣೆ ಹಾಕೋಣವೆಂದು ಅನೇಕರಿಗೆ ತೋರುತ್ತದೆ. ಆದರೆ ಎಣ್ಣೆ ಕುಡಿದ ಮರ ಉಬ್ಬುತ್ತದೆ, ಧೂಳನ್ನೂ ಹಿಡಿಯುತ್ತದೆ. ಪೆನ್ಸಿಲಿನ ಸೀಸದ ಪುಡಿಯೇ ಸಾಕು. ಹೆಸರು ಸೀಸವಾದರೂ ಅದು ಗ್ರಾಫೈಟ್ ಎಂಬ ಇಂಗಾಲ. ನಾವು ಪೀಠದ ಮೇಲೆ ಉರಿದುಳಿದ ಮೇಣದಬತ್ತಿಯ ತುಂಡುಗಳನ್ನೂ ಬಳಸಿದ್ದುಂಟು. ಚಕ್ರದ ತೂತಿನ ಒಳಗೆ ಮೇಣ ಉಜ್ಜಿದರೆ ಮರ ನಯವಾಗುತ್ತದೆ.

ಮೂರನೆಯದು, ತೂಕ. ಭಾರವಾದದ್ದು ಬೇಗ ಬೀಳುತ್ತದೆಂಬುದು ಬಹುಕಾಲದ ನಂಬಿಕೆ. ಗೆಲಿಲಿಯೋ ಅದನ್ನು ಪರೀಕ್ಷಿಸಿದ್ದು ಇಂಥದೇ ಒಂದು ಇಳಿಜಾರು ಹಲಗೆಯ ಮೇಲೆ. ಸುಮಾರು ಹನ್ನೆರಡು ಮೊಳದ ಮರದ ತೊಲೆಯಲ್ಲಿ ಗಾಡಿ ತೋಡಿ, ಒಳಗೆ ನಯವಾದ ಚರ್ಮಪತ್ರ ಅಂಟಿಸಿ, ಕಂಚಿನ ಗುಂಡನ್ನು ಉರುಳಿಸಿ, ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದರು. ಇಮ್ಮಡಿ ಕಾಲಕ್ಕೆ ನಾಲ್ಮಡಿ ದೂರ, ಮುಮ್ಮಡಿ ಕಾಲಕ್ಕೆ ಒಂಬತ್ತು ಪಟ್ಟು ದೂರ ಎಂಬ ಆ ನಿಯಮವನ್ನು 1638ರಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಕಾಣಬಹುದು. ಆ ಮಹನೀಯರನ್ನು 1633ರಲ್ಲಿ ಧರ್ಮಸಭೆಯ ನ್ಯಾಯಪೀಠ ದಂಡಿಸಿತೆಂಬುದನ್ನು ನಾವು ಮುಚ್ಚಿಡಬೇಕಾದ್ದಿಲ್ಲ. ಆ ತಪ್ಪನ್ನು 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು ಬಹಿರಂಗವಾಗಿ ಒಪ್ಪಿಕೊಂಡರು. ಬೀಳುವ ವಸ್ತುವಿನ ವೇಗ ಒಂದೇ ಕ್ರಮದಲ್ಲಿ ಹೆಚ್ಚುತ್ತದೆಂದು ಗೆಲಿಲಿಯೋಗೂ ಮುಂಚೆ, 1551ರಲ್ಲಿಯೇ, ದೊಮಿಂಗೊ ದೆ ಸೋಟೊ ಎಂಬ ದೊಮಿನಿಕನ್ ಗುರುಗಳು ಬರೆದಿದ್ದರು. ಬೊಲೋನ್ಯ ನಗರದ ಗೋಪುರದಿಂದ ಗುಂಡುಗಳನ್ನು ಬೀಳಿಸಿ ಆ ನಿಯಮವನ್ನು ಖಚಿತಪಡಿಸಿದವರು ರಿಚ್ಚೋಲಿ ಎಂಬ ಯೇಸುಸಭೆಯ ಗುರುಗಳು.

ಹಾಗಾದರೆ ಗಾಡಿಗೆ ಭಾರವೇಕೆ? ಭೂಮಿಯ ಸೆಳೆತದಿಂದ ಭಾರಕ್ಕೆ ವಿಶೇಷ ವೇಗವೇನೂ ಬಾರದು. ಆದರೆ ಗಾಳಿಯ ತಡೆ ಗಾಡಿಯ ಆಕಾರಕ್ಕೆ ತಕ್ಕಂತಿರುತ್ತದೆಯೇ ಹೊರತು ತೂಕಕ್ಕೆ ತಕ್ಕಂತಲ್ಲ. ಹಗುರವಾದದ್ದನ್ನು ಅದು ಹೆಚ್ಚು ಬಾಧಿಸುತ್ತದೆ. ಆದುದರಿಂದ ನಿಯಮ ಒಪ್ಪುವಷ್ಟು ತೂಕವಿರಲಿ. ಕಬ್ಬಿಣದ ನಟ್ಟುಗಳನ್ನು ಹಿಂಭಾಗದಲ್ಲಿ, ಹಿಂದಿನ ಅಚ್ಚಿಗೆ ಸ್ವಲ್ಪ ಮುಂದೆ ಕೂರಿಸಿದರೆ ಒಳ್ಳೆಯದು. ಗಾಡಿ ತಲೆ ತಗ್ಗಿಸಿ ನಿಂತಿರುವಾಗ ಹಿಂಭಾಗವೇ ಹೆಚ್ಚು ಎತ್ತರದಲ್ಲಿರುವುದರಿಂದ ಆ ಭಾರ ಹೆಚ್ಚು ಇಳಿಯುತ್ತದೆ. ತೀರ ಹಿಂದಕ್ಕೆ ಸರಿಸಿದರೆ ಮೂತಿ ಎದ್ದು ಗಾಡಿ ತೂರಾಡುತ್ತದೆ.

ನಾಲ್ಕನೆಯದು, ನೇರ. ಗಾಡಿಯನ್ನು ನೆಲದ ಮೇಲೆ ಸೀಮೆಸುಣ್ಣದ ಗೆರೆಯುದ್ದಕ್ಕೂ ಮೆಲ್ಲನೆ ಬಿಟ್ಟು ನೋಡಬೇಕು. ಅದು ಎಡಕ್ಕೋ ಬಲಕ್ಕೋ ಸರಿದರೆ ಅಚ್ಚು ಸೊಟ್ಟಗಿದೆ. ಸೊಟ್ಟ ಗಾಡಿ ಹಲಗೆಯ ಅಂಚುಪಟ್ಟಿಗೆ ಉಜ್ಜಿ ಉಜ್ಜಿ ತನ್ನ ಬಂಡವಾಳವನ್ನೆಲ್ಲಾ ಕಳೆದುಕೊಳ್ಳುತ್ತದೆ. ಅಚ್ಚನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಬಿಡುವುದು, ಮತ್ತೆ ನೋಡುವುದು: ತಾಳ್ಮೆಯ ಕೆಲಸವಿದು.

ಇಷ್ಟೆಲ್ಲವನ್ನೂ ನಾವು ಆ ವರ್ಷದ ಆಗಮನ ಕಾಲದಲ್ಲಿ ಹುಡುಗರಿಗೆ ಹೇಳಿಕೊಟ್ಟೆವು. ಕ್ರಿಸ್ತಜಯಂತಿಯ ಮಾರನೆಯ ದಿನ ಪಂದ್ಯವೆಂದು ಸಾರಿದೆವು. ನಮ್ಮ ಕಡೆಯ ಅನೇಕ ತಂದೆಯರು ದುಡಿಮೆಗಾಗಿ ಕೊಡಗಿನ ಕಾಫಿ ತೋಟಗಳಿಗೋ ಕೇರಳಕ್ಕೋ ಹೋಗಿರುತ್ತಾರೆ. ಹಬ್ಬಕ್ಕೆ ಬಂದವರು ಮಕ್ಕಳ ಆಟ ನೋಡಲಿ ಎಂಬುದು ನಮ್ಮ ಅಭಿಲಾಷೆ. ಲಾರಿಯ ಮುಂದೆ ನಿಂತು ಉಳಿದಿದ್ದನಲ್ಲ, ಆ ಹುಡುಗನ ತಂದೆಯೂ ಅಂಥವರಲ್ಲೊಬ್ಬ. ಹುಡುಗನಿಗೆ ಹನ್ನೊಂದು ವರ್ಷ. ಶಾಲೆ ಬಿಟ್ಟೊಡನೆ ಗುರುನಿವಾಸದ ಜಗಲಿಗೆ ಬಂದು ಕತ್ತಲಾಗುವ ತನಕ ತನ್ನ ಗಾಡಿಯನ್ನು ಉಜ್ಜುತ್ತಿದ್ದ. ಕೈ ಚುರುಕು, ಆದರೆ ಅಳತೆ ಸಾಲದು. ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳು. ಹಿಂದಿನ ಅಚ್ಚು ಎದ್ದು ಕಾಣುವಷ್ಟು ಸೊಟ್ಟ.

ಪಂದ್ಯದ ಹಿಂದಿನ ರಾತ್ರಿ ಆ ಗಾಡಿಯನ್ನು ಕೈಗೆತ್ತಿಕೊಂಡೆವು. ಅಚ್ಚನ್ನು ಮಾತ್ರ ನೇರ ಮಾಡೋಣವೆಂದು ಕುಳಿತೆವು. ಅಚ್ಚು ನೇರವಾದ ಮೇಲೆ ಚಕ್ರ ಒರಟೆನಿಸಿತು. ಚಕ್ರ ನಯವಾದ ಮೇಲೆ ತಳ ಮಟ್ಟಸವಲ್ಲವೆನಿಸಿತು. ಕೀಸುಳಿ ಹಿಡಿದು ತಳವನ್ನು ತೆಳ್ಳಗೆ ಕೀಸಿ, ನಟ್ಟುಗಳನ್ನು ಹಿಂದಕ್ಕೆ ಸರಿಸಿ, ಮಧ್ಯರಾತ್ರಿಯ ಮೇಲೆ ಎದ್ದೆವು. ಮಗುವಿಗೆ ಉಪಕಾರ ಮಾಡಿದೆವೆಂಬ ಸಂತೋಷದಲ್ಲಿ ಮಲಗಿದೆವು. ಅದು ಉಪಕಾರವಾಗಿರಲಿಲ್ಲ, ನಮ್ಮ ವಿದ್ಯೆಯ ಪ್ರದರ್ಶನವಾಗಿತ್ತು ಎಂಬುದು ಆಗ ತಿಳಿಯಲಿಲ್ಲ.

ಮರುದಿನ ಆ ಗಾಡಿ ಮೂರು ಸುತ್ತಿನಲ್ಲಿಯೂ ಮೊದಲು ಬಂದಿತು. ಜನ ಚಪ್ಪಾಳೆ ತಟ್ಟಿದರು. ಹುಡುಗ ಗಾಡಿಯನ್ನೆತ್ತಿಕೊಂಡು ತಂದೆಯ ಬಳಿ ಓಡಿ ಅದನ್ನು ಮಗುಚಿ ಹಿಡಿದ. ಹಿಡಿದವನು ಹಾಗೆಯೇ ನಿಂತುಬಿಟ್ಟ. ಬಹುಮಾನದ ಜಾಮಿಟ್ರಿ ಬಾಕ್ಸನ್ನು ತೆಗೆದುಕೊಳ್ಳುವಾಗಲೂ ಮುಖ ಅರಳಲಿಲ್ಲ. ಏಕೆಂದು ಕೇಳಿದರೆ ಉತ್ತರವಿಲ್ಲ. ಕೊನೆಗೆ ತಂದೆಯೇ ಸಂಕೋಚದಿಂದ ಹೇಳಿದ: “ಏನಿಲ್ಲ ಸ್ವಾಮಿ, ಗಾಡಿ ತಳದಲ್ಲಿ ನನ್ನ ಹೆಸ್ರ ಬರ್ದಿದ್ನಂತೆ. ನನಗೆ ತೋರ್ಸಬೇಕು ಅಂತಿದ್ದ. ಹೋಗ್ಲಿ ಬುಡಿ, ಇನ್ನೊಂದ್ಸಲ ಬರ್ದರಾಯ್ತು.”

ಆಗ ಹುಡುಗ ಬಾಯಿ ಬಿಟ್ಟ: “ಬರೀಬೋದು ಫಾದರ್. ಆದ್ರೆ ಈ ಗಾಡಿ ನಾನ್ ಮಾಡಿದ್ದಲ್ವಲ್ಲ.”

ಬಂಧುಗಳೇ, ಪೆನ್ಸಿಲಿನಲ್ಲಿ ಬರೆದ ಆ ಹೆಸರು ನಮ್ಮ ಕೀಸುಳಿಯ ಬಾಯಲ್ಲಿ ಸಿಪ್ಪೆಯಾಗಿ ಹೋಗಿತ್ತು. ದೀಪದ ಬೆಳಕಿನಲ್ಲಿ ನಾವು ಅದನ್ನು ಗಮನಿಸಲೂ ಇಲ್ಲ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ತಪ್ಪುಗಳನ್ನು ಕೇಳುವ ನಮಗೆ, ಅಂದು ಹನ್ನೊಂದು ವರ್ಷದ ಬಾಲಕನ ಮುಂದೆ ತಲೆ ತಗ್ಗಿಸಿ ಕ್ಷಮೆ ಬೇಡಬೇಕಾಯಿತು, ಬೇಡಿದೆವು. ಆತ ಏನೂ ಹೇಳದೆ ಜಾಮಿಟ್ರಿ ಬಾಕ್ಸನ್ನು ನಮ್ಮ ಮೇಜಿನ ಮೇಲಿಟ್ಟ.

ಕಾಫಿ ಕೊಯ್ಲಿನ ಕಾಲವಾದ್ದರಿಂದ ತಂದೆಗೆ ಮೂರೇ ದಿನದ ರಜೆ; ಅದರಲ್ಲಿ ಉಳಿದದ್ದು ಒಂದು ದಿನ. ಆಚಾರಿಯವರಿಂದ ಇನ್ನೊಂದು ತುಂಡು ಮರವನ್ನೂ ನಾಲ್ಕು ಚಕ್ರಗಳನ್ನೂ ತರಿಸಿ ಆ ತಂದೆಯ ಕೈಗಿತ್ತೆವು. ಅಪ್ಪ-ಮಗ ಇಬ್ಬರೂ ನಮ್ಮ ಜಗಲಿಯಲ್ಲಿ ಬೆಳಗಿನಿಂದ ಕುಳಿತರು. ತಂದೆ ಗರಗಸ ಹಿಡಿದ, ಮಗ ಅರ ಹಿಡಿದ. ಇಬ್ಬರಿಗೂ ಅಳತೆ ಸಾಲದು. ಮೊಳೆ ಮತ್ತೆ ಸೊಟ್ಟಗೇ ಕೂತಿತು. ನಾವು ಕಂಬಕ್ಕೊರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ಬಿಗಿಹಿಡಿದು ನಿಂತಿದ್ದೆವು. ನಮಗೆ ನಾವೇ ವಿಧಿಸಿಕೊಂಡ ಪ್ರಾಯಶ್ಚಿತ್ತವದು. ಸಂಜೆ ಗಾಡಿಯನ್ನು ಹಲಗೆಯ ಮೇಲೆ ಬಿಟ್ಟರು. ಅದು ಅಂಚುಪಟ್ಟಿಗೆ ಉಜ್ಜುತ್ತಾ, ಅರ್ಧ ದಾರಿಯಲ್ಲಿ ನಿಂತೇಬಿಟ್ಟಿತು. ಅಪ್ಪ-ಮಗ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಮತ್ತೆ ಕುಳಿತು ಗೆರೆ ಎಳೆದು ಬಿಟ್ಟು ನೋಡಿದರು. ನಾಲ್ಕನೆಯ ಸಲವೋ ಐದನೆಯ ಸಲವೋ ಅದು ಕೊನೆಯವರೆಗೂ ಓಡಿತು. ವೇಗವೇನೂ ಇರಲಿಲ್ಲ. ಮರುದಿನ ಮುಂಜಾನೆಯ ಬಸ್ಸಿಗೆ ಹೊರಟ ತಂದೆಯ ಚೀಲದಲ್ಲಿ ಆ ಗಾಡಿ ಇತ್ತು. ಮಗನೇ ಅದನ್ನು ಒಳಗಿಟ್ಟನಂತೆ.

ಹಿರಿಯರ ಈ ದುರಾಸೆ ನಮ್ಮೊಬ್ಬರದೇ ಅಲ್ಲವೆಂದು ಆಮೇಲೆ ಓದಿ ತಿಳಿದೆವು. 1973ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಪೆಟ್ಟಿಗೆ ಗಾಡಿಗಳ ರಾಷ್ಟ್ರೀಯ ಪಂದ್ಯದಲ್ಲಿ ಗೆದ್ದ ಬಾಲಕನ ಗಾಡಿಯನ್ನು ಪರೀಕ್ಷಿಸಿದಾಗ, ಮೂತಿಯೊಳಗೆ ವಿದ್ಯುತ್ ಅಯಸ್ಕಾಂತವಿರುವುದು ಬಯಲಾಯಿತು. ಹೊರಡುವ ಜಾಗದಲ್ಲಿನ ಲೋಹದ ತಡೆ ಕೆಳಗೆ ಬೀಳುವಾಗ ಅದು ಗಾಡಿಯನ್ನು ಮುಂದಕ್ಕೆ ಸೆಳೆಯುತ್ತಿತ್ತು. ಆ ಯುಕ್ತಿಯ ಹಿಂದೆ ಇದ್ದವರು ಬಾಲಕನ ಮಾವ. ಬಹುಮಾನ ಹೋಯಿತು, ಅವಮಾನ ಮಾತ್ರ ಹದಿನಾಲ್ಕು ವರ್ಷದ ಹುಡುಗನ ಪಾಲಿಗೆ ಬಂದಿತು. ನಮ್ಮ ಕೀಸುಳಿಗೂ ಆ ಅಯಸ್ಕಾಂತಕ್ಕೂ ಎಷ್ಟು ದೂರ? ಬಹಳ ದೂರವಿಲ್ಲವೆಂದೇ ನಮ್ಮ ಮನಸ್ಸಾಕ್ಷಿ ನುಡಿಯುತ್ತದೆ.

ಇನ್ನು ನಜರೇತಿನ ಆ ಮನೆಯ ಕಡೆಗೆ ಕಣ್ಣು ಹಾಯಿಸೋಣ. ಸಂತ ಮತ್ತಾಯರ ಶುಭಸಂದೇಶದಲ್ಲಿ ಜನರು ಯೇಸುವನ್ನು ಬಡಗಿಯ ಮಗನೆಂದು ಕರೆಯುತ್ತಾರೆ; ಸಂತ ಮಾರ್ಕರಲ್ಲಿ ಬಡಗಿಯೆಂದೇ ಕರೆಯುತ್ತಾರೆ. ಈ ಎರಡು ಮಾತುಗಳ ನಡುವೆ ಎಷ್ಟೋ ವರ್ಷಗಳ ಕಲಿಕೆಯಿದೆ. ಎರಡನೆಯ ಶತಮಾನದ ಸಂತ ಜಸ್ಟಿನ್‌ರು ಪ್ರಭು ನೇಗಿಲನ್ನೂ ನೊಗವನ್ನೂ ಮಾಡುತ್ತಿದ್ದರೆಂದು ದಾಖಲಿಸಿದ್ದಾರೆ. ಮೊದಲ ನೊಗ ನೇರವಾಗಿತ್ತೆಂದು ಯಾರು ಹೇಳಬಲ್ಲರು? ಜೋಸೆಫರು ಮಗನ ಕೈಯಿಂದ ಉಳಿಯನ್ನು ಕಸಿದುಕೊಂಡಿದ್ದರೆ, ಊರಿನ ಜನ ಆ ಮಗನನ್ನು ಬಡಗಿಯೆಂದು ಗುರುತಿಸುವ ದಿನ ಬರುತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಸಂತ ಜೋಸೆಫರ ವರ್ಷವನ್ನು ಸಾರಿ ಬರೆದ ಪತ್ರದಲ್ಲಿ ಇದೇ ತತ್ತ್ವವನ್ನು ಬೋಧಿಸಿದರು. ಮಗುವನ್ನು ತನ್ನ ಸ್ವತ್ತೆಂದು ಹಿಡಿದಿಟ್ಟುಕೊಳ್ಳದೆ ಬದುಕಿಗೆ ಪರಿಚಯಿಸಿ ಬಿಡುವುದೇ ತಂದೆತನವೆಂಬುದು ಆ ಪತ್ರದ ತಿರುಳು.

ಆಷಾಢ ಮಾಸದಲ್ಲಿ ಚಾಮರಾಜನಗರದ ಬೀದಿಯಲ್ಲಿ ಚಾಮರಾಜೇಶ್ವರನ ತೇರು ಸಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅಷ್ಟು ದೊಡ್ಡ ತೇರನ್ನು ಎಳೆಯುವವರು ನೂರಾರು ಮಂದಿ. ಆದರೆ ಚಕ್ರದ ಬಳಿ ಮರದ ತಡೆಯನ್ನು ಹಿಡಿದು ಕೊಡುತ್ತಾ ತೆಗೆಯುತ್ತಾ ನಡೆಯುವವರು ಕೆಲವರೇ. ಅವರು ತೇರನ್ನು ಎಳೆಯುವುದಿಲ್ಲ. ಆದರೂ ಅವರಿಲ್ಲದೆ ತೇರು ನಡೆಯದು. ಹೆತ್ತವರ ಕೆಲಸ ಅಂಥದು: ಅಪಾಯ ಬಂದಲ್ಲಿ ತಡೆ ಕೊಡುವುದು, ಉಳಿದ ಕಡೆ ತೆಗೆಯುವುದು.

ಇಂದಿನ ಪಂದ್ಯಕ್ಕೆ ನಮ್ಮ ಕಟ್ಟಳೆಗಳು ಕೆಲವೇ. ಗರಗಸವನ್ನೂ ಬೈರಿಗೆಯನ್ನೂ ದೊಡ್ಡವರು ಹಿಡಿಯಲಿ, ಬೆರಳು ಮುಖ್ಯ. ಅರ, ಉಪ್ಪುಕಾಗದ, ಮೇಣ, ಬಣ್ಣ ಇವೆಲ್ಲ ಮಕ್ಕಳ ಕೈಯಲ್ಲಿರಲಿ. ಮಗು ಕೇಳಿದರೆ ಹೇಳಿರಿ, ಕೇಳದಿದ್ದರೆ ಕಾಯಿರಿ. ತಂದೆ ದೂರದಲ್ಲಿರುವ ಮಗುವಿನ ಜೊತೆ ತಾಯಿಯೋ, ಅಜ್ಜನೋ, ಸೋದರಮಾವನೋ ಕುಳಿತುಕೊಳ್ಳಲಿ. ಯಾರೂ ಇಲ್ಲದಿದ್ದರೆ ನಾವು ಕುಳಿತುಕೊಳ್ಳುತ್ತೇವೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಕೊನೆಯದಾಗಿ, ಗಾಡಿಯನ್ನು ಹಲಗೆಯ ಮೇಲಿಡುವ ಮುನ್ನ ಪ್ರತಿ ಮಗುವೂ ಅದನ್ನು ಮಗುಚಿ, ತಳದಲ್ಲಿ ಬರೆದಿರುವ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಯಾರ ಹೆಸರನ್ನು ಬರೆಯಬೇಕೆಂಬುದನ್ನು ಮಗುವೇ ನಿರ್ಧರಿಸಲಿ.

ಆ ಜಾಮಿಟ್ರಿ ಬಾಕ್ಸು ಇಂದಿಗೂ ನಮ್ಮ ಮೇಜಿನ ಮೇಲಿದೆ. ಒಂದು ಧರ್ಮಕೇಂದ್ರದಿಂದ ಮತ್ತೊಂದಕ್ಕೆ ವರ್ಗವಾದಾಗಲೆಲ್ಲಾ ಪ್ರಾರ್ಥನಾ ಪುಸ್ತಕದ ಜೊತೆ ಅದನ್ನೂ ಕಟ್ಟಿಕೊಂಡು ಹೋಗಿದ್ದೇವೆ. ಯಾವುದೇ ಮಗುವಿನ ಕೆಲಸವನ್ನು ತಿದ್ದಲು ಕೈ ಚಾಚುವಾಗ ಕಣ್ಣು ಅದರ ಮೇಲೆ ಬೀಳುತ್ತದೆ. ಕೈ ಹಿಂದಕ್ಕೆ ಬರುತ್ತದೆ.

ಈ ದೇವಾಲಯವನ್ನು ನೂರು ವರ್ಷಗಳ ಹಿಂದೆ ಕಟ್ಟಿದವರೂ ನುರಿತ ಶಿಲ್ಪಿಗಳಾಗಿರಲಿಲ್ಲ. ಇದರ ಗೋಡೆ ಒಂದೆರಡು ಕಡೆ ಸೊಟ್ಟಗಿದೆ. ಬಣ್ಣ ಬಳಿಯುವವರು ಪ್ರತಿಸಲವೂ ಅದನ್ನು ತೋರಿಸುತ್ತಾರೆ. ಆ ಗೋಡೆಯನ್ನು ಅವರೇ ಎತ್ತಿದರೆಂಬುದೇ ನಮಗೆ ಹೆಮ್ಮೆ. ಸಂತ ಜೋಸೆಫರ ಪ್ರಾರ್ಥನೆ ನಿಮ್ಮ ಮನೆಗಳನ್ನು ಕಾಪಾಡಲಿ. ಸರ್ವೇಶ್ವರನು ನಿಮ್ಮ ಕೈಗಳನ್ನೂ, ನಿಮ್ಮ ಮಕ್ಕಳ ಕೈಗಳನ್ನೂ ಆಶೀರ್ವದಿಸಲಿ. ಮಕ್ಕಳೇ, ಇನ್ನು ಅಂಗಳಕ್ಕೆ ಹೋಗಬಹುದು.